ನಾನು ನಂಬಿ ಹೋದ ನಾಲ್ಕು ಬಗೆಯ ಪ್ರವಾಸ ವಿಮೆ

ಹೋದ ತಿಂಗಳು ಚಿಕ್ಕಮ್ಮನ ಮಗಳು ವಾಟ್ಸಾಪಿನಲ್ಲಿ ನಾಲ್ಕು ಸ್ಕ್ರೀನ್‌ಶಾಟ್ ಕಳಿಸಿದಳು. ಅವಳು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿದೆ. ಕೂಡಿಟ್ಟ ದುಡ್ಡಿನಲ್ಲಿ ಗೆಳತಿಯ ಜೊತೆ 21 ದಿನ ವಿಯೆಟ್ನಾಮ್ ತಿರುಗಲು ಹೊರಟಿದ್ದಾಳೆ. ಒಂದು ಬ್ಯಾಗು, ಹಾಸ್ಟೆಲ್ ವಾಸ, ರಾತ್ರಿ ಬಸ್ಸು. ಮೊದಲ ಚಿತ್ರದಲ್ಲಿ ವಿಮಾನದ ಟಿಕೆಟ್ ಜೊತೆ ಟಿಕ್ ಮಾಡಿದರೆ ಸಿಗುವ 249 ರೂಪಾಯಿಯ ವಿಮೆ. ಎರಡನೆಯದು ಅವಳ ಕ್ರೆಡಿಟ್ ಕಾರ್ಡಿನ ಜೊತೆ ಬಂದ ಉಚಿತ ವಿಮೆ. ಮೂರನೆಯದು ನಮ್ಮ ದೇಶದ ಕಂಪನಿಯೊಂದರ ಪಾಲಿಸಿ, 1,100 ಚಿಲ್ಲರೆ. ನಾಲ್ಕನೆಯದು ನಾಲ್ಕು ವಾರಕ್ಕೊಮ್ಮೆ ಡಾಲರಿನಲ್ಲಿ ಕಟ್ಟುವ ವಿದೇಶಿ ವಿಮೆ, ಸುಮಾರು ಐದು ಸಾವಿರ. ಕೆಳಗೆ ಒಂದು ಸಾಲು: "ಅಕ್ಕಾ, ಫ್ರೀ ಇರೋದೇ ಸಾಕಲ್ವಾ?"

ಈ ನಾಲ್ಕೂ ಬಗೆಯನ್ನು ನಂಬಿಕೊಂಡು ನಾನು ಬೇರೆ ಬೇರೆ ಸಲ ಹೊರಗೆ ಹೋಗಿದ್ದೇನೆ. ಮೂರು ಸಲ ಡಾಕ್ಟರ ಹತ್ತಿರ ಹೋಗಬೇಕಾಯಿತು. ಆ ಅನುಭವದಿಂದ ಹೇಳುವುದಾದರೆ, ಪ್ರೀಮಿಯಂ ಎಷ್ಟು ಅನ್ನೋದು ಕೊನೆಯಲ್ಲಿ ನೋಡಬೇಕಾದ ವಿಷಯ. ಮೊದಲು ನೋಡಬೇಕಾದದ್ದು ಪಾಲಿಸಿಯಲ್ಲಿ "ಇವುಗಳಿಗೆ ಪರಿಹಾರ ಇಲ್ಲ" ಎಂದು ಬರೆದಿರುವ ಪುಟ. ಅದನ್ನು ನಿಮ್ಮ ಪ್ರವಾಸದ ಪಕ್ಕದಲ್ಲಿಟ್ಟು ಓದಬೇಕು.

ಟಿಕ್ ಮಾಡುವ ವಿಮೆ ಮತ್ತು ಕಾರ್ಡಿನ ವಿಮೆ, ಎರಡರ ಬಗ್ಗೆಯೂ ಒಟ್ಟಿಗೇ ಹೇಳಿಬಿಡುತ್ತೇನೆ. 2022ರ ಡಿಸೆಂಬರಿನಲ್ಲಿ ಥಾಯ್ಲೆಂಡಿಗೆ ಹೋದಾಗ ನನ್ನ ಹತ್ತಿರ ಎರಡೂ ಇದ್ದವು. ಚಿಯಾಂಗ್ ಮಾಯ್‌ನಲ್ಲಿ ಮೂರು ದಿನ ಬಿಡದೆ ಜ್ವರ ಬಂತು. ಡೆಂಗ್ಯೂ ಇರಬಹುದು ಅಂತ ಭಯವಾಗಿ ಕ್ಲಿನಿಕ್ಕಿಗೆ ಹೋದೆ. ರಕ್ತ ಪರೀಕ್ಷೆ, ಔಷಧಿ ಎಲ್ಲಾ ಸೇರಿ 2,800 ಬಾತ್, ನಮ್ಮ ದುಡ್ಡಲ್ಲಿ ಆರೂವರೆ ಸಾವಿರದ ಮೇಲೆ. ಹಾಸ್ಟೆಲ್ ಮಂಚದ ಮೇಲೆ ಮಲಗಿ ಪಾಲಿಸಿಯನ್ನು ಮೊದಲ ಸಲ ಪೂರ್ತಿ ಓದಿದೆ. ಟಿಕ್ ಮಾಡಿ ಕೊಂಡಿದ್ದ ವಿಮೆ ವಿಮಾನ ತಡವಾದರೆ, ಬ್ಯಾಗು ಕಳೆದರೆ, ಪ್ರಯಾಣದಲ್ಲಿ ಅಪಘಾತವಾದರೆ ದುಡ್ಡು ಕೊಡುತ್ತಿತ್ತು. ಜ್ವರಕ್ಕೆ ಏನೂ ಇರಲಿಲ್ಲ. ಕಾರ್ಡಿನ ವಿಮೆಯಲ್ಲಿ ದೊಡ್ಡದಾಗಿ ಕಾಣುತ್ತಿದ್ದ 50 ಲಕ್ಷ ರೂಪಾಯಿ, ವಿಮಾನ ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಸಿಗುವ ಮೊತ್ತ. ಅದಕ್ಕೂ ಟಿಕೆಟನ್ನು ಅದೇ ಕಾರ್ಡಿನಲ್ಲಿ ಕೊಂಡಿರಬೇಕು, ಅದಕ್ಕೆ ಹಿಂದಿನ ಕೆಲವು ದಿನಗಳೊಳಗೆ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು. ದುಬಾರಿ ವಾರ್ಷಿಕ ಶುಲ್ಕದ ಕೆಲವು ಕಾರ್ಡುಗಳಲ್ಲಿ ಹೊರದೇಶದ ಆಸ್ಪತ್ರೆ ಖರ್ಚಿಗೂ ರಕ್ಷಣೆ ಇರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮಂಥವರಿಗೆ ಸಿಗುವ ಕಾರ್ಡುಗಳು ಅಂಥವಲ್ಲ.

ಹೀಗಾಗಿ ನಿಜವಾದ ಸ್ಪರ್ಧೆ ಇರೋದು ಉಳಿದ ಎರಡರ ನಡುವೆ.

ನಮ್ಮ ದೇಶದ ಕಂಪನಿಯ ಪಾಲಿಸಿಯನ್ನು ನಾನು ಮೊದಲು ತೆಗೆದುಕೊಂಡದ್ದು 2023ರ ಅಕ್ಟೋಬರಿನಲ್ಲಿ, ನೇಪಾಳದ ಅನ್ನಪೂರ್ಣ ಬೇಸ್ ಕ್ಯಾಂಪಿಗೆ ಚಾರಣ ಹೊರಟಾಗ. ಗೋರಖಪುರದವರೆಗೆ ರೈಲು, ಸುನೌಲಿಯಲ್ಲಿ ಗಡಿ ದಾಟಿ ಬಸ್ಸಿನಲ್ಲಿ ಪೋಖರಾ. ಅಗ್ಗದ ಪ್ಲಾನು 650 ರೂಪಾಯಿಗೆ ಸಿಗುತ್ತಿತ್ತು. ಓದಿದರೆ, 3,000 ಮೀಟರಿಗಿಂತ ಮೇಲಿನ ಚಾರಣಕ್ಕೆ ಅನ್ವಯಿಸುವುದಿಲ್ಲ ಅಂತ ಇತ್ತು. ಬೇಸ್ ಕ್ಯಾಂಪ್ ಇರೋದು 4,130 ಮೀಟರಿನಲ್ಲಿ. ಅಂದರೆ ತಲೆನೋವು, ವಾಂತಿ, ಉಸಿರಾಟದ ತೊಂದರೆ ಶುರುವಾಗುವ ಜಾಗ ಬರುವ ಹೊತ್ತಿಗೆ ವಿಮೆ ಹಿಂದೆ ಉಳಿದಿರುತ್ತದೆ. ಆಗ ಸಾಹಸ ಕ್ರೀಡೆಯ ಹೆಚ್ಚುವರಿ ರಕ್ಷಣೆ ಸೇರಿಸಿ 1,480 ಕೊಟ್ಟೆ. ಅದಕ್ಕೂ ಮೊದಲು ಕಂಪನಿಗೆ ಇಮೇಲ್ ಬರೆದು ಮೂರು ಪ್ರಶ್ನೆ ಕೇಳಿದೆ. ಎಷ್ಟು ಮೀಟರಿನವರೆಗೆ? ಹೆಲಿಕಾಪ್ಟರ್ ಖರ್ಚು ಸೇರಿದೆಯಾ? ರಸ್ತೆ ಮೂಲಕ ನೇಪಾಳಕ್ಕೆ ಹೋದರೆ ಭಾರತೀಯರ ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ, ಗಡಿ ದಾಟಿದ್ದಕ್ಕೆ ಏನು ಸಾಕ್ಷಿ ಕೊಡಲಿ?

ಮೂರನೆಯ ಪ್ರಶ್ನೆ ಬಹಳ ಜನರಿಗೆ ಹೊಳೆಯುವುದಿಲ್ಲ. ಕ್ಲೇಮ್ ಅರ್ಜಿಯಲ್ಲಿ, ಅಂದರೆ ಪರಿಹಾರ ಕೇಳುವ ಅರ್ಜಿಯಲ್ಲಿ, ಹೊರಟ ಮತ್ತು ಬಂದ ಮುದ್ರೆ ಇರುವ ಪುಟದ ನಕಲು ಕೇಳುತ್ತಾರೆ. ಬಸ್ ಟಿಕೆಟ್, ಹೋಟೆಲ್ ಬಿಲ್, ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪರ್ಮಿಟ್ ಇಟ್ಟುಕೊಳ್ಳಿ ಅಂತ ಉತ್ತರ ಬಂತು. ಭಾರತವೂ ಸೇರಿದ ಸಾರ್ಕ್ ಗುಂಪಿನ ದೇಶದವರಿಗೆ ಆ ಪರ್ಮಿಟ್ಟಿಗೆ 1,000 ನೇಪಾಳಿ ರೂಪಾಯಿ. ಅದರ ಮೇಲೆ ನಮ್ಮ ಹೆಸರೂ ತಾರೀಖೂ ಇರುತ್ತವೆ, ಹಾಗಾಗಿ ಸಾಕ್ಷಿಗೆ ಚೆನ್ನಾಗಿ ಒದಗುತ್ತದೆ. ಹೆಲಿಕಾಪ್ಟರಿಗೆ ಸೇರಿದೆ, ಆದರೆ ಹತ್ತುವ ಮೊದಲು ಕಂಪನಿಯ ಒಪ್ಪಿಗೆ ಪಡೆಯಬೇಕು ಅಂದರು. ಅವರ ಎಚ್ಚರಿಕೆಗೂ ಕಾರಣ ಇದೆ. ಬೇಡದಿದ್ದರೂ ಚಾರಣಿಗರನ್ನು ಹೆಲಿಕಾಪ್ಟರಿಗೆ ಹತ್ತಿಸಿ ವಿಮೆಯ ದುಡ್ಡು ಎತ್ತುವ ದಂಧೆಯ ಬಗ್ಗೆ ನೇಪಾಳ ಸರ್ಕಾರವೇ 2018ರಲ್ಲಿ ತನಿಖೆ ನಡೆಸಿತ್ತು. ಹೆಲಿಕಾಪ್ಟರ್ ಬಿಲ್ ಸಾವಿರಾರು ಡಾಲರ್ ಆಗುತ್ತದೆ. ಒಪ್ಪಿಗೆ ಇಲ್ಲದೆ ಹತ್ತಿದರೆ ಅಷ್ಟೂ ನಮ್ಮ ತಲೆ ಮೇಲೆ. ಆ ಸಲ ನನಗೆ ಏನೂ ಆಗಲಿಲ್ಲ. ಮಚ್ಛಪುಛ್ರೆ ಶಿಖರದ ಮೇಲೆ ಬಿಸಿಲು ಬೀಳುವುದನ್ನು ನೋಡಿ ಆರೋಗ್ಯವಾಗಿ ಇಳಿದು ಬಂದೆ.

2024ರ ಮಾರ್ಚಿನಲ್ಲಿ ವಿಯೆಟ್ನಾಮ್. ಅದೇ ಬಗೆಯ ಪಾಲಿಸಿ, 18 ದಿನಕ್ಕೆ 940 ರೂಪಾಯಿ, 50,000 ಡಾಲರ್ ರಕ್ಷಣೆ, 100 ಡಾಲರ್ ಡಿಡಕ್ಟಬಲ್ (ಬಿಲ್ಲಿನಲ್ಲಿ ನಾವೇ ಭರಿಸಬೇಕಾದ ಮೊದಲ ಭಾಗ). ಹನೋಯಿಯಲ್ಲಿ ಏನೋ ತಿಂದು ಹೊಟ್ಟೆ ಕೆಟ್ಟು ರಾತ್ರಿಯೆಲ್ಲಾ ವಾಂತಿ. ಬೆಳಿಗ್ಗೆ ಎದ್ದು ನಿಲ್ಲಲು ಆಗುತ್ತಿರಲಿಲ್ಲ. ಪಾಲಿಸಿಯಲ್ಲಿದ್ದ ಟೋಲ್‌ಫ್ರೀ ನಂಬರು ನನ್ನ ಅಲ್ಲಿನ ಸಿಮ್‌ನಿಂದ ಹೋಗಲೇ ಇಲ್ಲ. ಇಮೇಲಿಗೆ ಮಾತ್ರ ಎರಡು ಗಂಟೆಯಲ್ಲಿ ಉತ್ತರ ಬಂತು, ಕ್ಲೇಮ್ ನಂಬರೂ ಕೊಟ್ಟರು. ಒಂದು ದಿನ ಸಲೈನ್ ಹಾಕಿಸಿಕೊಂಡು ಬಿದ್ದಿದ್ದೆ. ಬಿಲ್ಲು 68 ಲಕ್ಷ ಡಾಂಗ್. ಮೊತ್ತ ಕೇಳಿ ಗಾಬರಿಯಾಗಬೇಡಿ, ಸುಮಾರು 22,500 ರೂಪಾಯಿ. ಆಸ್ಪತ್ರೆಯವರು ನೇರವಾಗಿ ವಿಮೆ ಒಪ್ಪಲಿಲ್ಲ. ಮೊದಲು ನಾನೇ ಕಟ್ಟಿದೆ. ಬಿಲ್ಲನ್ನೂ ಡಾಕ್ಟರ ಚೀಟಿಯನ್ನೂ ಇಂಗ್ಲಿಷಿನಲ್ಲಿ ಕೇಳಿ ಪಡೆದುಕೊಂಡೆ.

ಊರಿಗೆ ಬಂದು ಕ್ಲೇಮ್ ಹಾಕಿದೆ. ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್ ಪುಟ, ಬಿಲ್ಲು, ಕ್ಯಾನ್ಸಲ್ ಮಾಡಿದ ಚೆಕ್ಕು. 23 ದಿನಕ್ಕೆ ಖಾತೆಗೆ ಸುಮಾರು 14,000 ಬಂತು. ಉಳಿದ ಎಂಟು ಸಾವಿರ ಚಿಲ್ಲರೆ ಡಿಡಕ್ಟಬಲ್ ಲೆಕ್ಕಕ್ಕೆ ಹೋಯಿತು. ಅಂದರೆ ಮೊದಲ 100 ಡಾಲರ್ ಯಾವಾಗಲೂ ನಮ್ಮದೇ. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ಕಡಿಮೆ ದುಡ್ಡಿನಲ್ಲಿ ತಿರುಗುವವರಿಗೆ ಸಾಮಾನ್ಯವಾಗಿ ಆಗುವುದು ಜ್ವರ, ಭೇದಿ, ಕಾಲು ಉಳುಕು. ಆಸ್ಪತ್ರೆ ಸೇರದಿದ್ದರೆ ಆ ಬಿಲ್ಲುಗಳು ಹೆಚ್ಚಾಗಿ 100 ಡಾಲರಿನ ಒಳಗೇ ಮುಗಿಯುತ್ತವೆ. ಚಿಯಾಂಗ್ ಮಾಯ್‌ನ ನನ್ನ ಜ್ವರಕ್ಕೆ ಈ ಪಾಲಿಸಿ ಇದ್ದಿದ್ದರೂ ಒಂದು ರೂಪಾಯಿ ಬರುತ್ತಿರಲಿಲ್ಲ. ಡಿಡಕ್ಟಬಲ್ ಕಡಿಮೆ ಇರುವ, ಅಥವಾ ಇಲ್ಲವೇ ಇಲ್ಲದ ಪ್ಲಾನುಗಳೂ ಇವೆ. ಇನ್ನೂರು ಮುನ್ನೂರು ರೂಪಾಯಿ ಜಾಸ್ತಿ ಅಷ್ಟೇ.

ಅದೇ ಪ್ರವಾಸದಲ್ಲಿ ನಡೆದ ಇನ್ನೊಂದು ಘಟನೆ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ. ಹೋಯಿ ಆನ್‌ನ ಹಾಸ್ಟೆಲಿನಲ್ಲಿ ಹುಬ್ಬಳ್ಳಿ ಕಡೆಯ ಹುಡುಗನೊಬ್ಬ ಪರಿಚಯವಾದ. ಸ್ಕೂಟರ್ ಬಾಡಿಗೆಗೆ ತೆಗೆದುಕೊಂಡು ಹಾಯ್ ವಾನ್ ಘಾಟಿಗೆ ಹೋದವನು ತಿರುವಿನಲ್ಲಿ ಜಾರಿ ಬಿದ್ದ. ಕಾಲರ್ ಮೂಳೆ ಮುರಿಯಿತು. ಹೆಲ್ಮೆಟ್ ಹಾಕಿದ್ದ, ಕುಡಿದಿರಲಿಲ್ಲ. ಆರ್‌ಟಿಓಗೆ ಸಾವಿರ ರೂಪಾಯಿ ಕಟ್ಟಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಂಡು ಬಂದಿದ್ದ. ಆದರೂ ಕ್ಲೇಮ್ ತಿರಸ್ಕಾರವಾಯಿತು. ಕಾರಣ ಹೀಗಿದೆ. ಭಾರತ ಕೊಡುವ ಪರವಾನಗಿ ರಸ್ತೆ ಸಂಚಾರದ ಬಗೆಗಿನ 1949ರ ಜಿನೀವಾ ಒಪ್ಪಂದದ್ದು. ವಿಯೆಟ್ನಾಮ್ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ಹಾಗಾಗಿ ನಮ್ಮ ಪರವಾನಗಿ ಅಲ್ಲಿ ನಡೆಯುವುದಿಲ್ಲ. ಕಾನೂನಿನ ಕಣ್ಣಲ್ಲಿ ಅವನು ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿದ ಹಾಗಾಯಿತು. ಬಾಡಿಗೆ ಅಂಗಡಿಯವರು ಇದನ್ನು ಹೇಳುವುದಿಲ್ಲ, ಪಾಸ್‌ಪೋರ್ಟ್ ನೋಡಿ ಕೀ ಕೊಟ್ಟುಬಿಡುತ್ತಾರೆ. ಥಾಯ್ಲೆಂಡಿನಲ್ಲಿ ಇದೇ ಪರವಾನಗಿ ನಡೆಯುತ್ತದೆ, ಅದರಲ್ಲಿ ದ್ವಿಚಕ್ರ ವಾಹನದ ಮುದ್ರೆ ಇರಬೇಕು ಅಷ್ಟೇ. ಈ ವಿಷಯದಲ್ಲಿ ನಮ್ಮ ಪಾಲಿಸಿಗೂ ಐದು ಸಾವಿರದ ವಿದೇಶಿ ವಿಮೆಗೂ ವ್ಯತ್ಯಾಸವಿಲ್ಲ. ಆ ದೇಶದಲ್ಲಿ ನಡೆಯುವ ಲೈಸೆನ್ಸ್ ಇಲ್ಲದಿದ್ದರೆ ಇಬ್ಬರೂ ಕೈ ಎತ್ತುತ್ತಾರೆ. ಆ ಹುಡುಗ ಊರಿನಿಂದ ಅಣ್ಣನ ಹತ್ತಿರ ದುಡ್ಡು ಹಾಕಿಸಿಕೊಂಡು ವಾಪಸ್ ಹೋದ. ಬಸ್ ಹತ್ತಿಸಲು ನಾನೂ ಹೋಗಿದ್ದೆ.

ಇನ್ನು ವಿದೇಶಿ ವಿಮೆ. 2025ರ ಜನವರಿಯಿಂದ ಹತ್ತು ವಾರ ಕಾಂಬೋಡಿಯಾ, ಲಾವೋಸ್, ಥಾಯ್ಲೆಂಡ್ ತಿರುಗಿದೆ. ವಾಪಸ್ ಟಿಕೆಟ್ ಮಾಡಿಸಿರಲಿಲ್ಲ. ನಾನು ನೋಡಿದ ನಮ್ಮ ಪಾಲಿಸಿಗಳು ಹೊರಡುವ ದಿನ, ಬರುವ ದಿನ ಎರಡನ್ನೂ ಕೇಳುತ್ತಿದ್ದವು. ಭಾರತದಲ್ಲಿರುವಾಗಲೇ ಕೊಳ್ಳಬೇಕಿತ್ತು. ವಿದೇಶಿ ವಿಮೆಗೆ ಆ ಕಟ್ಟು ಇಲ್ಲ. ದಾರಿಯಲ್ಲೇ ಕೊಳ್ಳಬಹುದು, ಸಾಕು ಅನ್ನಿಸಿದಾಗ ನಿಲ್ಲಿಸಬಹುದು. ನಾನು ಕೊಂಡದ್ದರಲ್ಲಿ ಡಿಡಕ್ಟಬಲ್ ಇರಲಿಲ್ಲ. ಬೆಲೆ ಮಾತ್ರ ಜಾಸ್ತಿ, ಮೇಲೆ ಬ್ಯಾಂಕು ಡಾಲರ್ ವ್ಯವಹಾರಕ್ಕೆ ಹಾಕುವ ಶುಲ್ಕ ಬೇರೆ.

ಲಾವೋಸಿನ ರಾಜಧಾನಿ ವಿಯೆಂಟಿಯಾನ್‌ನಲ್ಲಿ ಸಂಜೆ ಮೆಕಾಂಗ್ ನದಿ ದಂಡೆಯಲ್ಲಿ ನಡೆಯುತ್ತಿದ್ದಾಗ ಬೀದಿ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ರಕ್ತ ಬಂತು. ಹಾಸ್ಟೆಲಿಗೆ ಓಡಿ ನಲ್ಲಿ ನೀರಲ್ಲಿ ಸೋಪು ಹಚ್ಚಿ ಕಾಲು ಗಂಟೆ ತೊಳೆದೆ. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು, ರೇಬಿಸ್ ಲಸಿಕೆಗೂ ಮೊದಲು ಮಾಡಬೇಕಾದ ಕೆಲಸ ಅದು. ನಾನು ಹೋದ ಕ್ಲಿನಿಕ್ಕಿನಲ್ಲಿ ಲಸಿಕೆ ಇತ್ತು, ಗಾಯದ ಸುತ್ತ ಕೊಡುವ ಇಮ್ಯುನೋಗ್ಲೋಬುಲಿನ್ ಎಂಬ ಚುಚ್ಚುಮದ್ದು ಇರಲಿಲ್ಲ. ಅದಕ್ಕಾಗಿ ಮರುದಿನ ಸ್ನೇಹ ಸೇತುವೆ ದಾಟಿ ಥಾಯ್ಲೆಂಡಿನ ಉಡಾನ್ ಥಾನಿಗೆ ಹೋದೆ. ಲಾವೋಸಿನಲ್ಲಿ ಕಾಯಿಲೆ ದೊಡ್ಡದಾದರೆ ಜನ ಗಡಿ ದಾಟಿ ಹೋಗುವುದು ಅಲ್ಲಿಗೇ. ಬಿಲ್ಲು 9,400 ಬಾತ್, ಹತ್ತಿರ ಹತ್ತಿರ 24,000 ರೂಪಾಯಿ. ಫೋನಿನಲ್ಲೇ ಫೋಟೋ ತೆಗೆದು ಅಪ್‌ಲೋಡ್ ಮಾಡಿದೆ. ಎರಡು ದೇಶದ ಬಿಲ್ಲು ಯಾಕೆ ಅಂತ ಒಂದು ಪ್ರಶ್ನೆ ಕೇಳಿದರು, ಉತ್ತರ ಕೊಟ್ಟೆ. ಐದು ವಾರಕ್ಕೆ ಪೂರ್ತಿ ದುಡ್ಡು ಒಪ್ಪಿದರು. ಡಾಲರಿನಲ್ಲಿ ಬಂದದ್ದರಿಂದ ನನ್ನ ಬ್ಯಾಂಕು ಯಾವ ಉದ್ದೇಶಕ್ಕೆ ಬಂದ ಹಣ ಅಂತ ಕೋಡ್ ಕೇಳಿತು, ಶುಲ್ಕ ಹಿಡಿಯಿತು. 28ನೆಯ ದಿನದ ಕೊನೆಯ ಲಸಿಕೆಯನ್ನೂ ದಾರಿಯಲ್ಲೇ ಹಾಕಿಸಿಕೊಂಡೆ.

ಅಂದರೆ ವಿದೇಶಿ ವಿಮೆಯೇ ಒಳ್ಳೆಯದಾ? ಹತ್ತು ವಾರಕ್ಕೆ ನನಗೆ ಹೌದು. ಮೂರು ವಾರಕ್ಕೆ ಅಲ್ಲ. ನಮ್ಮ ಪಾಲಿಸಿಯಲ್ಲಿ ಒಂದು ದೊಡ್ಡ ಬಲ ಇದೆ. ಕಂಪನಿ ಅನ್ಯಾಯವಾಗಿ ತಿರಸ್ಕರಿಸಿದರೆ ಮೊದಲು ಅವರ ದೂರು ವಿಭಾಗಕ್ಕೆ ಬರೆಯಬಹುದು. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಸರಿಯಿಲ್ಲದಿದ್ದರೆ ವಿಮೆಯ ದೂರು ಕೇಳಿ ತೀರ್ಮಾನ ಕೊಡುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅವರ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲೇ ಇದೆ. ಶುಲ್ಕ ಇಲ್ಲ, ವಕೀಲರೂ ಬೇಡ, ಒಂದು ವರ್ಷದೊಳಗೆ ದೂರು ಕೊಡಬೇಕು. ಹೊರದೇಶದ ಕಂಪನಿ ಇಲ್ಲ ಅಂದರೆ ನಾವು ಯಾರ ಬಾಗಿಲು ತಟ್ಟುವುದು? ಯುರೋಪಿಗೆ ಹೋಗುವವರಿಗೂ ನಮ್ಮ ಪಾಲಿಸಿಯೇ ಸುಲಭ. ಷೆಂಗೆನ್ ವೀಸಾಕ್ಕೆ ಬೇಕಾದ 30,000 ಯೂರೋ ರಕ್ಷಣೆಯ ಪತ್ರವನ್ನು ಅವರು ಕೂಡಲೇ ಕೊಡುತ್ತಾರೆ.

ಇದೆಲ್ಲವನ್ನೂ ತಂಗಿಗೆ ಫೋನಿನಲ್ಲಿ ಹೇಳಿದೆ. ಹಾ ಜಿಯಾಂಗ್‌ನ ಬೆಟ್ಟದ ದಾರಿಯಲ್ಲಿ ತಾನೇ ಬೈಕ್ ಓಡಿಸಬೇಕು ಅಂದುಕೊಂಡಿದ್ದಳು. ಹುಬ್ಬಳ್ಳಿ ಹುಡುಗನ ಕಥೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಲ್ಲಿ ಸ್ಥಳೀಯರೇ ಬೈಕ್ ಓಡಿಸುತ್ತಾರೆ, ಹಿಂದೆ ಕೂತು ಹೋಗಬಹುದು, ದಾರಿಯಲ್ಲಿ ಊಟ, ವಸತಿಯೂ ಸೇರಿರುತ್ತದೆ ಅಂದೆ. ಹಿಂದೆ ಕೂತು ಬಿದ್ದರೆ ರಕ್ಷಣೆ ಇದೆಯಾ ಅಂತ ಕಂಪನಿಗೆ ಬರೆದು ಕೇಳು ಅಂದೆ. ಎರಡು ದಿನಕ್ಕೆ ಉತ್ತರ ಬಂತು: ಓಡಿಸುವವರಿಗೆ ಲೈಸೆನ್ಸ್ ಇದ್ದು, ಇಬ್ಬರೂ ಹೆಲ್ಮೆಟ್ ಹಾಕಿದ್ದರೆ ಇದೆ. ಅವಳು ಮೂರನೆಯ ಸ್ಕ್ರೀನ್‌ಶಾಟಿನ ಪಾಲಿಸಿಯನ್ನೇ ಡಿಡಕ್ಟಬಲ್ ಇಲ್ಲದ ಪ್ಲಾನಿಗೆ ಬದಲಿಸಿ 1,390ಕ್ಕೆ ಕೊಂಡಳು. ಆ ಇಮೇಲಿನ ಪ್ರಿಂಟನ್ನು ಪಾಸ್‌ಪೋರ್ಟಿನ ಕವರಿನೊಳಗೆ ಮಡಚಿಟ್ಟುಕೊಂಡು ನನಗೆ ಫೋಟೋ ಕಳಿಸಿದ್ದಾಳೆ. ಹದಿನಾಲ್ಕನೇ ತಾರೀಖು ಹೊರಡುತ್ತಾಳೆ.