ಆಸ್ಪತ್ರೆ ಮಕ್ಕಳಿಗೆಂದು ಹೆಣೆದ ಟೋಪಿ ಮೇಳದಲ್ಲಿ ಮಾರಾಟಕ್ಕಿತ್ತು: ಕ್ರೋಶಾ ಹಾಕುವವರು ದಯವಿಟ್ಟು ಓದಿ

ಸರ್ಕಾರಿ ಆಸ್ಪತ್ರೆಯ ಎಳೆ ಮಕ್ಕಳಿಗೆಂದು ನಾವೊಂದಷ್ಟು ಜನ ಹೆಣೆದು ಕೊಟ್ಟ ಟೋಪಿ, ಕಾಲುಚೀಲಗಳು ಒಂದು ಕರಕುಶಲ ಮೇಳದ ಮಳಿಗೆಯಲ್ಲಿ ಮಾರಾಟಕ್ಕಿದ್ದವು. ಒಂದೊಂದು ಜೊತೆಗೆ ₹350. ದಾನಕ್ಕೆ ಹೆಣೆದುಕೊಡಿ ಎಂದು ಕೇಳುವ ವಾಟ್ಸಾಪ್ ಗುಂಪುಗಳು ಈಗ ಜಾಸ್ತಿ ಆಗಿವೆ. ಚಳಿಗಾಲ ಹತ್ತಿರ ಬಂದರೆ ಇನ್ನೂ ಹೆಚ್ಚುತ್ತವೆ. ಅದಕ್ಕೇ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ. ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ಹಾಗಾಗಿ ಯಾರ ಹೆಸರೂ ಇಲ್ಲಿ ಬೇಡ.

ನನ್ನನ್ನು ಗುಂಪಿಗೆ ಸೇರಿಸಿದ್ದು ನಮ್ಮ ಬೀದಿಯ ಅಕ್ಕ ಒಬ್ಬರು. ಅವರೂ ನಂಬಿ ಸೇರಿದ್ದವರೇ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಬೆಚ್ಚನೆಯ ಟೋಪಿ ಬೇಕು ಅಂತ ಅಲ್ಲಿ ದಿನಾ ಮೆಸೇಜು. ಆ ಮಾತು ಸುಳ್ಳಲ್ಲ. ಇಂಥ ಮಕ್ಕಳ ಮೈ ಬೇಗ ತಣ್ಣಗಾಗುತ್ತದೆ, ಅದರಲ್ಲೂ ತಲೆಯಿಂದ ಶಾಖ ತುಂಬಾ ಹೋಗುತ್ತದೆ. ಮಗುವನ್ನು ತಾಯಿಯ ಎದೆಗೆ ಅಂಟಿಸಿ ಮಲಗಿಸುವ ಕಾಂಗರೂ ಆರೈಕೆ ಗೊತ್ತಲ್ವಾ? ಕೊಲಂಬಿಯಾ ದೇಶದ ಬೊಗೊಟಾದಲ್ಲಿ 1978ರಲ್ಲಿ ಶುರುವಾದದ್ದು. ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲೂ ಮಾಡಿಸುತ್ತಾರೆ. ಆಗ ಮಗುವಿನ ಮೈಮೇಲೆ ಇರುವುದು ಟೋಪಿ, ಕಾಲುಚೀಲ, ಒಂದು ಲಂಗೋಟಿ ಅಷ್ಟೇ. ಇದೆಲ್ಲ ನಿಜವಾದ್ದರಿಂದಲೇ ಆ ಗುಂಪಿನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಜೊತೆಗೆ ಒಳ್ಳೆಯ ಉದಾಹರಣೆಗಳೂ ಕಣ್ಣಮುಂದೆ ಇದ್ದವು. 2016ರ ಜನವರಿಯಲ್ಲಿ ಚೆನ್ನೈನಲ್ಲಿ ಹೆಣ್ಣುಮಕ್ಕಳು ಸೇರಿ 11,148.5 ಚದರ ಮೀಟರ್ ಕ್ರೋಶಾ ಹೊದಿಕೆ ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದ್ದರು. ಎಲ್ಲೆಲ್ಲಿಂದಲೋ ತುಂಡುಗಳು ಬಂದಿದ್ದವು, ಆಮೇಲೆ ಅವನ್ನೆಲ್ಲ ಬಿಡಿಸಿ ದಾನ ಕೊಟ್ಟರು. ಗುರುತು ಪರಿಚಯ ಇಲ್ಲದವರು ಒಟ್ಟಿಗೆ ಹೆಣೆದು ಕೊಡುವುದು ನಮಗೆ ಹೊಸದೇನಲ್ಲ. ಆ ನಂಬಿಕೆಯನ್ನೇ ಇವರು ದುಡ್ಡು ಮಾಡಿಕೊಂಡರು.

ಈಗ ಮುಖ್ಯ ವಿಷಯ. ಆ ಗುಂಪಿನಲ್ಲಿ ಏನೇನು ಕೇಳುತ್ತಿದ್ದರು ನೋಡಿ. ತಿಳಿ ಗುಲಾಬಿ, ಪುದೀನ ಹಸಿರು, ಕೆನೆ ಬಣ್ಣ ಬೇಕು. ಟೋಪಿಯ ತುದಿಗೆ ಉಲ್ಲನ್ ಚೆಂಡು ಇರಲಿ. ಕಿವಿಯ ಹತ್ತಿರ ಹೂ, ಮುಂದೆ ಮುತ್ತಿನ ಗುಂಡಿ. ಟೋಪಿಗೂ ಕಾಲುಚೀಲಕ್ಕೂ ಮ್ಯಾಚಿಂಗ್ ಇರಬೇಕು. ಹೆಸರಿನ ಚೀಟಿ ಹೊಲಿಯಬೇಡಿ, "ದಾನ ಅಂದ್ರೆ ಹೆಸರು ಬೇಡ ಅಲ್ವಾ" ಅಂತ ಸಿಹಿ ಮಾತು. ಯಾವ ನೂಲು ಅಂತ ಯಾರಾದರೂ ಕೇಳಿದರೆ "ಯಾವುದಾದ್ರೂ ನಡೆಯುತ್ತೆ ಮೇಡಂ, ಫಿನಿಶಿಂಗ್ ಚೆನ್ನಾಗಿರಲಿ" ಎಂಬ ಉತ್ತರ. ತಲೆಯ ಅಳತೆ ಒಮ್ಮೆಯೂ ಕೊಡಲಿಲ್ಲ. ಮೇಲಿಂದ ತಲುಪಿಸುವ ಖರ್ಚು ಅಂತ ಪ್ರತಿಯೊಬ್ಬರಿಂದ ಇನ್ನೂರು ರೂಪಾಯಿ ಫೋನ್‌ಪೇ.

ಮೇಳದಲ್ಲಿ ನಾನು ಆ ಟೋಪಿ ಗುರುತು ಹಿಡಿದದ್ದು ಹೇಗೆ ಅಂತ ಎಲ್ಲರೂ ಕೇಳುತ್ತಾರೆ. ಕೆನೆ ಬಣ್ಣದ ಉಂಡೆ ಕೊನೆಯ ಎರಡು ಸುತ್ತಿಗೆ ಸಾಲದೆ ಬಂದಿತ್ತು. ಅಂಗಡಿಯಲ್ಲಿ ಅದೇ ಲಾಟ್ ನಂಬರಿನ, ಅಂದರೆ ಒಂದೇ ಸಲ ಬಣ್ಣ ಹಾಕಿದ ಕಂತಿನ, ಉಂಡೆ ಮುಗಿದಿತ್ತು, ಬೇರೆ ಲಾಟಿನದು ತಂದು ಮುಗಿಸಿದ್ದೆ. ಒಂದೇ ಬಣ್ಣ ಅಂತ ಚೀಟಿಯಲ್ಲಿದ್ದರೂ ಲಾಟ್ ಬದಲಾದರೆ ಛಾಯೆ ಬದಲಾಗುತ್ತದೆ, ಹೆಣೆಯುವವರಿಗೆ ಇದು ಗೊತ್ತು. ಅಂಚಿನ ಆ ಎರಡು ಸುತ್ತು ಒಂದು ಚೂರು ಹಳದಿಗೆ ತಿರುಗಿತ್ತು. ಅದರ ಮೇಲೆ ಮೂರು ಚೈನ್ ಹಾಕಿ ಮೊದಲನೆಯದಕ್ಕೇ ಸಿಕ್ಕಿಸುವ ಸಣ್ಣ ಮೊಗ್ಗಿನ ಸಾಲು, ನನ್ನ ಅತ್ತೆ ಹೇಳಿಕೊಟ್ಟದ್ದು. ಟೋಪಿ ತಿರುಗಿಸಿ ನೋಡಿದೆ. ನೂಲಿನ ಬಾಲವನ್ನು ನಾನು ಅಡಗಿಸುವ ಜಾಗದಲ್ಲೇ ಅಡಗಿತ್ತು.

ಮಳಿಗೆಯವರು "ನಾವು ಹೋಲ್‌ಸೇಲಲ್ಲಿ ತಗೊಂಡಿದ್ದು ಅಮ್ಮ, ನಮಗೇನು ಗೊತ್ತು" ಎಂದರು. ಅವರ ಹತ್ತಿರ ಬಿಲ್ಲಿನ ಫೋಟೊ ತೆಗೆದುಕೊಂಡೆ. ಅದರ ಮೇಲಿದ್ದ ಫೋನ್ ನಂಬರ್ ನಮ್ಮ ಗುಂಪಿನ ಅಡ್ಮಿನ್‌ದೇ. ಕೇಳಿದ್ದಕ್ಕೆ ಮೊದಲು "ಆಸ್ಪತ್ರೆಯವರು ವಾಪಸ್ ಕೊಟ್ಟ ಮಾಲು" ಎಂದರು, ಮರುದಿನ ನನ್ನನ್ನು ಗುಂಪಿನಿಂದಲೇ ತೆಗೆದರು. ಅವರು ಹಾಕಿದ್ದ ವಾರ್ಡಿನ ಫೋಟೊವನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಅದು ಯಾವುದೋ ಹೊರದೇಶದ ಆಸ್ಪತ್ರೆಯದು.

ಇನ್ನೂರು ರೂಪಾಯಿ ಹೋದದ್ದು ದೊಡ್ಡದಲ್ಲ. ಗುಂಪಿನಲ್ಲಿ ಎಪ್ಪತ್ತು ದಾಟಿದ ಅಮ್ಮ ಒಬ್ಬರಿದ್ದರು. ಕಣ್ಣಿನ ಆಪರೇಷನ್ ಆಗಿತ್ತು, ಕೈಬೆರಳು ಗಂಟು ಕಟ್ಟಿದ್ದವು. ಮಧ್ಯಾಹ್ನದ ಬಿಸಿಲಲ್ಲಿ ಜಗುಲಿಗೆ ಕೂತು ಹೆಣೆಯುತ್ತಿದ್ದರು. ಅವರಿಗೆ ಈ ವಿಷಯ ಹೇಳಬೇಕಾಗಿ ಬಂದಾಗ ನನಗೆ ಬಾಯೇ ಬರಲಿಲ್ಲ. "ಹಾಗಾದ್ರೆ ಒಂದು ಮಗೂಗೂ ಹಾಕಲಿಲ್ವಾ?" ಅಂತ ಒಂದೇ ಮಾತು ಕೇಳಿದರು. ಅದಕ್ಕೆ ಕ್ಷಮೆಯಿಲ್ಲ.

ಆಮೇಲೆ ನಾನೇ ಸೀದಾ ಆಸ್ಪತ್ರೆಗೆ ಹೋದೆ. ಎಳೆ ಮಕ್ಕಳ ವಾರ್ಡಿನ ಹಿರಿಯ ಸಿಸ್ಟರ್ ಹತ್ತು ನಿಮಿಷ ಕೊಟ್ಟರು. ನಾನು ಒಯ್ದಿದ್ದ ಟೋಪಿಯನ್ನು ಮೊದಲು ಒಳಮಗ್ಗುಲು ತಿರುಗಿಸಿದರು, ಕಿರುಬೆರಳನ್ನು ಹೆಣಿಗೆಯ ಸಂದಿಗೆ ತೂರಿಸಿ ನೋಡಿದರು. ಸಡಿಲ ಎಳೆಯೋ ದೊಡ್ಡ ತೂತೋ ಇದ್ದರೆ ಮಗುವಿನ ಬೆರಳು ಸಿಕ್ಕಿಕೊಳ್ಳುತ್ತದೆ. ಎಳೆ ಸುತ್ತಿಕೊಂಡರೆ ರಕ್ತ ಓಡಾಟವೇ ನಿಲ್ಲುತ್ತದಂತೆ. ಗುಂಡಿ, ಮುತ್ತು, ಚೆಂಡು, ಕಟ್ಟುವ ದಾರ ಯಾವುದೂ ಬೇಡ. ನಯವಾದ ಹತ್ತಿ ನೂಲು ಬೇಕು, ಬಿಸಿ ನೀರಲ್ಲಿ ಒಗೆದರೆ ಬಣ್ಣ ಬಿಡಬಾರದು, ಕುಗ್ಗಬಾರದು. ಅಸಲಿ ಉಣ್ಣೆ ಬಿಸಿ ನೀರಿಗೆ ಬಿದ್ದರೆ ಕುಗ್ಗಿ ಕಂಬಳಿಯಂತಾಗುತ್ತದೆ. ನಮ್ಮ ಅಂಗಡಿಗಳಲ್ಲಿ ಉಲ್ಲನ್ ಅಂತ ಕೊಡುವುದು ಬಹುಪಾಲು ಅಕ್ರಿಲಿಕ್. ಅನುಮಾನ ಇದ್ದರೆ ಒಂದು ಎಳೆ ಸುಟ್ಟು ನೋಡಿ: ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿ ಕಟ್ಟುತ್ತದೆ. ಅಳತೆಯೂ ಕೊಟ್ಟರು. ತಿಂಗಳು ತುಂಬಿದ ಮಗುವಿನ ತಲೆ ಸುತ್ತ ಸುಮಾರು 35 ಸೆಂ.ಮೀ., 28 ವಾರಕ್ಕೇ ಹುಟ್ಟಿದ್ದಕ್ಕೆ 25ರ ಆಸುಪಾಸು.

ಆ ಗುಂಪು ಕೇಳುತ್ತಿದ್ದುದರಲ್ಲಿ ಒಂದೂ ಇಲ್ಲಿ ಬೇಕಿರಲಿಲ್ಲ. ಮಗುವಿಗೆ ಹಾಕುವವರು ಮೊದಲು ನೂಲು, ಅಳತೆ ಕೇಳುತ್ತಾರೆ. ಮಾರುವವರು ಬಣ್ಣ, ಡಿಸೈನ್ ಕೇಳುತ್ತಾರೆ. ಗುಂಪಿಗೆ ಸೇರುವಾಗ ಇದೊಂದನ್ನು ಗಮನಿಸಿದರೆ ಅರ್ಧ ಕೆಲಸ ಆದ ಹಾಗೆ.

ಇನ್ನರ್ಧಕ್ಕೆ ಯಾವ ಆಸ್ಪತ್ರೆ, ಯಾವ ವಾರ್ಡ್ ಎಂದು ಕೇಳಿ ಅಲ್ಲಿಗೇ ಫೋನ್ ಮಾಡಿ, ಇಲ್ಲವೇ ಹೋಗಿ ನರ್ಸಿಂಗ್ ಸೂಪರಿಂಟೆಂಡೆಂಟ್‌ರನ್ನು ನೋಡಿ. ಸಾಮಾನು ಕೊಟ್ಟಾಗ ಎಷ್ಟು ಅಂತ ಬರೆಸಿ ಸೀಲ್ ಹಾಕಿದ ರಸೀದಿ ತೆಗೆದುಕೊಳ್ಳಿ, ಕೇಳಿದರೆ ಕೊಡುತ್ತಾರೆ. ಟ್ರಸ್ಟ್ ಅಂದರೆ ನೋಂದಣಿ ಸಂಖ್ಯೆ ಕೇಳಿ. "ನಿಮ್ಮ ಟೋಪಿಗೆ 80ಜಿ ತೆರಿಗೆ ವಿನಾಯಿತಿ ಕೊಡಿಸ್ತೀವಿ" ಅಂದರೆ ಅಲ್ಲೇ ನಿಲ್ಲಿ. 80ಜಿ ಇರುವುದು ಹಣಕ್ಕೆ, ಸಾಮಾನಿಗೆ ಇಲ್ಲ. ನಗದಾದರೆ ₹2,000 ದಾಟಿದ್ದಕ್ಕೂ ಇಲ್ಲ. ನಿಮ್ಮ ಹೆಣಿಗೆಯಲ್ಲಿ ನಿಮಗೆ ಮಾತ್ರ ಗೊತ್ತಾಗುವ ಗುರುತೊಂದನ್ನು ಬಿಡಿ, ಕೊಡುವ ಮುಂಚೆ ಒಳಗೂ ಹೊರಗೂ ಫೋಟೊ ತೆಗೆದಿಡಿ. ನಮ್ಮ ದೂರಿಗೆ ಆಧಾರವಾದದ್ದು ಅಂಥ ಫೋಟೊಗಳೇ.

ಈಗಾಗಲೇ ಇಂಥ ಗುಂಪಿಗೆ ಹಣ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಗುಂಪಿನಿಂದ ಹೊರಬರುವ ಮೊದಲು ಚಾಟ್ ಎಕ್ಸ್‌ಪೋರ್ಟ್ ಮಾಡಿ, ಅಡ್ಮಿನ್ ನಂಬರ್, ಹಣ ಕಳಿಸಿದ ದಾಖಲೆ ಎಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ನಮ್ಮಲ್ಲಿ ಹಲವರು ಸಿಟ್ಟಿನಲ್ಲಿ ಗುಂಪನ್ನೇ ಡಿಲೀಟ್ ಮಾಡಿಬಿಟ್ಟಿದ್ದರು. ಅವರ ಹೇಳಿಕೆಗೆ ಈಗ ದಾಖಲೆ ಹುಡುಕುವುದೇ ಕಷ್ಟವಾಗಿದೆ.