ಮಣಿಪಾಲ ಕೆಎಂಸಿಯೋ, ಮಂಗಳೂರು ಕೆಎಂಸಿಯೋ?

ಎರಡೂ ಕಸ್ತೂರಬಾ ಮೆಡಿಕಲ್ ಕಾಲೇಜುಗಳೇ (ಕೆಎಂಸಿ), ಎಂಬಿಬಿಎಸ್ ಪದವಿ ಕೊಡುವುದೂ ಒಂದೇ ವಿಶ್ವವಿದ್ಯಾಲಯ, ಮಾಹೆ. ಆದರೆ ನೀಟ್ ಕೌನ್ಸೆಲಿಂಗ್‌ನಲ್ಲಿ ಇವೆರಡೂ ಬೇರೆ ಬೇರೆ ಆಯ್ಕೆಗಳು. ಮಣಿಪಾಲ ಮೂಲ, ಮಂಗಳೂರು ಶಾಖೆ ಎಂದುಕೊಂಡು ಕಣ್ಣುಮುಚ್ಚಿ ಮಣಿಪಾಲವನ್ನೇ ಮೇಲೆ ಹಾಕುವವರು ಬಹಳ. ಹಾಗೆ ಮಾಡುವ ಮೊದಲು ವಾರ್ಡುಗಳನ್ನು ನೋಡಬೇಕು.

1953ರಲ್ಲಿ ಟಿ.ಎಂ.ಎ. ಪೈ ಕಾಲೇಜು ತೆರೆದಾಗ ಮಣಿಪಾಲದಲ್ಲಿ ಗುಡ್ಡವಿತ್ತು, ಸಾಕಷ್ಟು ರೋಗಿಗಳಿರಲಿಲ್ಲ. ಅನಾಟಮಿ ಅಲ್ಲಿ, ಕ್ಲಿನಿಕಲ್ ಪಾಠ ಸುಮಾರು 60 ಕಿ.ಮೀ. ದೂರದ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ. 1955ರ ಮಂಗಳೂರು ಕ್ಯಾಂಪಸ್ಸಿನ ಬೇರು ಇದು. ಮಣಿಪಾಲಕ್ಕೆ ಸ್ವಂತ ಕಸ್ತೂರಬಾ ಆಸ್ಪತ್ರೆ ಬಂದದ್ದು 1961ರಲ್ಲಿ. ಈಗ ಅದು ಎರಡು ಸಾವಿರ ಹಾಸಿಗೆ ದಾಟಿದೆ. ಮಂಗಳೂರು ಮಾತ್ರ ಸರ್ಕಾರಿ ಹಾಸಿಗೆಗಳನ್ನು ಬಿಡದೆ, ಅತ್ತಾವರ ಮತ್ತು ಅಂಬೇಡ್ಕರ್ ವೃತ್ತದ ಸ್ವಂತ ಆಸ್ಪತ್ರೆಗಳನ್ನು ಸೇರಿಸಿಕೊಂಡು ಬೆಳೆಯಿತು.

ಕಲಿಕೆಯ ವ್ಯತ್ಯಾಸ ಹುಟ್ಟುವುದು ಇಲ್ಲೇ. ಮಣಿಪಾಲಕ್ಕೆ ಶಿವಮೊಗ್ಗ, ಉತ್ತರ ಕನ್ನಡ, ದಾವಣಗೆರೆ ಕಡೆಯಿಂದ ರೆಫರ್ ಆದವರು ಬರುತ್ತಾರೆ: ಮಂಗನ ಕಾಯಿಲೆ, ಹಾವು ಕಡಿತ, ಕೀಟನಾಶಕ ಸೇವನೆ, ಬೇರೆಡೆ ಪತ್ತೆಯಾಗದ ಜ್ವರ. ಕೇಸು ಅಪರೂಪದ್ದು, ಆದರೆ ಅರ್ಧ ತಪಾಸಣೆ ಮುಗಿಸಿಕೊಂಡೇ ಬಂದಿರುತ್ತದೆ. ಪ್ರೊಸೀಜರ್ ಪಿಜಿ (ಸ್ನಾತಕೋತ್ತರ) ವಿದ್ಯಾರ್ಥಿಗಳ ಕೈಗೆ ಹೋಗುವುದೇ ಹೆಚ್ಚು. ಇಂಟರ್ನ್ ಕೇಳಿ ಪಡೆಯಬೇಕು.

ವೆನ್ಲಾಕ್‌ಗೆ ಬರುವ ಅನೇಕರ ಬಳಿ ಹಳೆಯ ಚೀಟಿಯೇ ಇರುವುದಿಲ್ಲ. ಮಲೇರಿಯಾ, ಡೆಂಗಿ, ಇಲಿಜ್ವರ ಮಳೆಗಾಲದಲ್ಲಿ ಒಟ್ಟಿಗೇ ಬಂದಾಗ ಹಿಸ್ಟರಿ ಮೊದಲಿನಿಂದ ತೆಗೆಯಬೇಕು, ಹೊಟ್ಟೆ ಮುಟ್ಟಿ ಗುಲ್ಮ (ಸ್ಪ್ಲೀನ್) ಹುಡುಕಬೇಕು. ಕೈ ಪಳಗುವುದು ಇಂಥಲ್ಲೇ. ಹೆರಿಗೆ ಕಲಿಯಲು ಮಂಗಳೂರಿನ ಸರ್ಕಾರಿ ಹೆರಿಗೆ ಆಸ್ಪತ್ರೆ ಲೇಡಿಗೋಷನ್‌ಗೆ ಸಾಟಿ ಕಡಿಮೆ. ಎಡವುವುದು ಭಾಷೆಯಲ್ಲಿ: ತುಳು, ಬ್ಯಾರಿ, ಕೊಂಕಣಿ, ಕಾಸರಗೋಡಿನ ಮಲಯಾಳಂ ಒಂದೇ ಸಾಲಿನ ಹಾಸಿಗೆಗಳಲ್ಲಿ. ‘ಎಲ್ಲಿ ನೋವು, ಎಷ್ಟು ದಿನದಿಂದ’ ಎಂಬುದನ್ನಾದರೂ ತುಳುವಿನಲ್ಲಿ ಕಲಿಯದಿದ್ದರೆ ಸಿಸ್ಟರ್‌ಗಳ ಹಿಂದೆ ಅಲೆಯುವುದೇ ಕೆಲಸ. ಬೆಂಗಳೂರಿನ ಕನ್ನಡಿಗರಿಗೂ ಇದು ತಪ್ಪಿದ್ದಲ್ಲ.

ಓಡಾಟ? ಮಣಿಪಾಲದಲ್ಲಿ ಕಾಲೇಜು, ಗ್ರಂಥಾಲಯ, ಆಸ್ಪತ್ರೆ ಎಲ್ಲ ನಡೆದೇ ಮುಟ್ಟಬಹುದು. ಅನಾಟಮಿ ಮ್ಯೂಸಿಯಂ ಒಂದಕ್ಕಾಗಿಯೇ ಮೊದಲ ವರ್ಷ ಅಲ್ಲಿ ಕಳೆಯಬಹುದು. ಮಂಗಳೂರಿನಲ್ಲಿ ಮೂಲವಿಜ್ಞಾನ ಬಿಜೈಯಲ್ಲಿ, ಕಾಲೇಜು ಲೈಟ್‌ಹೌಸ್ ಹಿಲ್‌ನಲ್ಲಿ, ಪೋಸ್ಟಿಂಗ್ ಹಂಪನಕಟ್ಟೆ ಅಥವಾ ಅತ್ತಾವರದಲ್ಲಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಹಾಜರಿಗೇ ಕತ್ತರಿ, ಪ್ರಾಕ್ಟಿಕಲ್‌ಗೆ ಶೇ. 80 ಬೇಕು ಎಂಬುದು ನೆನಪಿರಲಿ.

ಸಂಶೋಧನೆ, ಸೂಪರ್‌ಸ್ಪೆಷಾಲಿಟಿ ಮನಸ್ಸಿನಲ್ಲಿದ್ದರೆ ಮಣಿಪಾಲ. ಜನರಲ್ ಮೆಡಿಸಿನ್, ಸರ್ಜರಿ, ಹೆರಿಗೆಯಲ್ಲಿ ಕೈ ಗಟ್ಟಿಯಾಗಬೇಕಿದ್ದರೆ ಮಂಗಳೂರೇ ವಾಸಿ. ಎರಡನ್ನೂ ಪಟ್ಟಿಯಲ್ಲಿ ಹಾಕಿ, ಆದರೆ ಕ್ರಮ ಯೋಚಿಸಿ ಹಾಕಿ: ಎರಡನೇ ಸುತ್ತಿನಲ್ಲಿ ಮೇಲಿನ ಆಯ್ಕೆ ಸಿಕ್ಕಿದರೆ ಮೊದಲಿನ ಸೀಟು ತಾನಾಗಿಯೇ ರದ್ದಾಗುತ್ತದೆ.