ಆರನೇ ಜನರೇಶನ್ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11: ನಾಲ್ಕು ಆವೃತ್ತಿ ದಾಟಿದ ಮೇಲೆ

ವಿಂಡೋಸ್ 11ಕ್ಕೆ ಅರ್ಹತೆಯಿಲ್ಲ ಎಂದು ಮೈಕ್ರೋಸಾಫ್ಟ್ ಹೊರಗಿಟ್ಟ ಲ್ಯಾಪ್‌ಟಾಪ್‌ನಲ್ಲೇ 2022ರ ಆವೃತ್ತಿಯಾದ 22ಎಚ್2ರಿಂದ ಆರಂಭಿಸಿ ಈಗ 2025ರ 25ಎಚ್2ರವರೆಗೆ ಬಂದಿದ್ದೇನೆ. 2016ರ ಯಂತ್ರ, ಆರನೇ ಜನರೇಶನ್ನಿನ (ಪೀಳಿಗೆಯ) ಇಂಟೆಲ್ ಕೋರ್ ಐ5-6200ಯು ಪ್ರೊಸೆಸರ್, 8 ಜಿಬಿ ರ್‍ಯಾಮ್, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡು ಹಾಕಿದ ಎಸ್‌ಎಸ್‌ಡಿ. ತುಮಕೂರಿನಲ್ಲಿ ನನ್ನದು ಟೈಪಿಂಗ್ ಮತ್ತು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಪುಟ್ಟ ಅಂಗಡಿ. ಬಾಡಿಗೆ ಕರಾರು, ಅಫಿಡವಿಟ್, ತಾಲ್ಲೂಕು ಕಚೇರಿಯ ಅರ್ಜಿ, ನಡುನಡುವೆ ಯಾರದೋ ಗೃಹಪ್ರವೇಶದ ಆಹ್ವಾನಪತ್ರಿಕೆ. ಇಂಥ ಕೆಲಸಕ್ಕೆ ಈ ಯಂತ್ರ ಇನ್ನೂ ಗಟ್ಟಿಮುಟ್ಟಾಗಿದೆ. ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ವೇಗದ ಲೆಕ್ಕಕ್ಕೆ ಸೇರಿದ್ದಲ್ಲ, ವರ್ಷವರ್ಷವೂ ಮಾಡಬೇಕಾದ ಚಾಕರಿಯ ಲೆಕ್ಕಕ್ಕೆ ಸೇರಿದ್ದು.

2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದಾಗ, ಕೆಲವು ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೇ ಜನರೇಶನ್ನಿಗಿಂತ ಹಳೆಯ ಪ್ರೊಸೆಸರ್‌ಗಳೆಲ್ಲ ಪಟ್ಟಿಯಿಂದ ಹೊರಗುಳಿದವು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕವೂ ಬೇಕು. ನನ್ನ ಯಂತ್ರದಲ್ಲಿ ಅದು ಇತ್ತು. ಬಯಾಸ್‌ನಲ್ಲಿ, ಅಂದರೆ ಯಂತ್ರ ಶುರುವಾಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳಲ್ಲಿ, ಪಿಟಿಟಿ ಎಂಬ ಹೆಸರಿನಡಿ ಮಲಗಿದ್ದುದನ್ನು ಆನ್ ಮಾಡಿದರೆ ಸಾಕಾಯಿತು. ಅಡ್ಡಿಯಾಗಿದ್ದು ಪ್ರೊಸೆಸರ್‌ನ ವಯಸ್ಸು ಮಾತ್ರ.

ಅದನ್ನು ದಾಟುವ ದಾರಿಯನ್ನು ಮೊದಮೊದಲು ಮೈಕ್ರೋಸಾಫ್ಟ್‌ ತಾನೇ ಪ್ರಕಟಿಸಿತ್ತು, ಆಮೇಲೆ ಹಿಂತೆಗೆದುಕೊಂಡಿತು. ವಿಂಡೋಸ್ ತನ್ನ ಒಳ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಮೋಸೆಟಪ್ ಎಂಬ ಕೀಲಿಯ ಕೆಳಗೆ ಒಂದು ಹೊಸ ಮೌಲ್ಯ ಸೇರಿಸಿ ಅದಕ್ಕೆ 1 ಎಂದು ಕೊಟ್ಟರೆ, ಐಎಸ್‌ಒ ಎಂಬ, ಇಡೀ ವಿಂಡೋಸ್ ಅಡಕವಾಗಿರುವ ಕಡತದೊಳಗಿನ ಸೆಟಪ್ ಮುಂದಕ್ಕೆ ಹೋಗಲು ಬಿಡುತ್ತದೆ. ಸುಮ್ಮನೆ ಬಿಡುವುದಿಲ್ಲ: ಈ ಕಂಪ್ಯೂಟರ್‌ಗೆ ಇನ್ನು ಮುಂದೆ ಬೆಂಬಲವಿಲ್ಲ, ಅಪ್‌ಡೇಟ್ ಪಡೆಯುವ ಹಕ್ಕಿಲ್ಲ, ಹೊಂದಾಣಿಕೆಯಿಲ್ಲದೆ ಹಾನಿಯಾದರೆ ವಾರಂಟಿಯೂ ಇಲ್ಲ ಎಂಬ ಒಕ್ಕಣೆ ತೋರಿಸಿ ಒಪ್ಪಿಗೆ ಕೇಳುತ್ತದೆ. 2016ರ ಯಂತ್ರಕ್ಕೆ ಇನ್ನೆಲ್ಲಿಯ ವಾರಂಟಿ! ಟಿಪಿಎಂ ಇಲ್ಲದವರು ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಪೆನ್‌ಡ್ರೈವ್ ಸಿದ್ಧಮಾಡಿಕೊಳ್ಳುತ್ತಾರೆ. ಆ ತಪಾಸಣೆಗಳನ್ನು ತೆಗೆದುಹಾಕುವ ಆಯ್ಕೆ ಅದರಲ್ಲಿಯೇ ಇದೆ. ಆದರೆ ಯಾರೋ ಕತ್ತರಿಸಿ ತಿದ್ದಿದ ‘ಲೈಟ್’ ವಿಂಡೋಸನ್ನು ಕಡಿಮೆ ದುಡ್ಡಿಗೆ ಹಾಕಿಕೊಡುತ್ತೇವೆ ಎನ್ನುವವರ ಕೈಗೆ ಮಾತ್ರ ಯಂತ್ರ ಕೊಡಬೇಡಿ. ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವ ಯಂತ್ರ ಅದು.

ವೇಗದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಎಸ್‌ಎಸ್‌ಡಿ ಇದ್ದರೆ ವಿಂಡೋಸ್ 10ಕ್ಕೂ ಇದಕ್ಕೂ ದಿನನಿತ್ಯದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಹಾರ್ಡ್ ಡಿಸ್ಕ್ ಇಟ್ಟುಕೊಂಡು ಈ ಸಾಹಸಕ್ಕೆ ಕೈಹಾಕುವುದು ವ್ಯರ್ಥ. ಬಲಗುಂಡಿ ಒತ್ತಿದಾಗ ಬರುವ ಮೊಟಕು ಮೆನು ಕಿರಿಕಿರಿ ಮಾಡುತ್ತದೆ, 24ಎಚ್2ರಲ್ಲಿ ವರ್ಡ್‌ಪ್ಯಾಡ್ ಇಲ್ಲವಾಯಿತು. ಇವೆಲ್ಲ ರೂಢಿಯಾಗುತ್ತವೆ.

ಕನ್ನಡದ ಕೆಲಸದಲ್ಲಿ ಒಂದು ತೊಡಕಿದೆ. ಇರುವ ವಿಂಡೋಸ್ ಮೇಲೆಯೇ ಹೊಸದನ್ನು ಹಾಕಿದರೆ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ, ಅದರ ಫಾಂಟ್‌ಗಳು, ಹಳೆಯ ಕಡತಗಳು ಎಲ್ಲವೂ ಇದ್ದಲ್ಲೇ ಇರುತ್ತವೆ. ಅಂಗಡಿಯ ಇನ್ನೊಂದು ಡೆಸ್ಕ್‌ಟಾಪ್‌ನಲ್ಲಿ ಎಲ್ಲ ಅಳಿಸಿ ಹೊಸದಾಗಿ ಹಾಕಿದಾಗ ಕರಾರು ಪತ್ರದ ನಮೂನೆಯೊಂದು ಬೇರೆಯೇ ಮುಖ ತೋರಿಸಿತು: ಅಕ್ಷರಗಳ ದಪ್ಪ ಬೇರೆ, ಸಾಲು ಮುರಿಯುವ ಜಾಗ ಬೇರೆ, ಸಾಕ್ಷಿಗಳ ಸಹಿಯ ಸಾಲು ಎರಡನೇ ಪುಟಕ್ಕೆ. ನಮೂನೆ ಯೂನಿಕೋಡ್‌ನಲ್ಲಿ, ತುಂಗಾ ಫಾಂಟ್‌ನಲ್ಲಿ ಇತ್ತು. ವಿಂಡೋಸ್ 10ರಿಂದಲೇ ತುಂಗಾ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಹೋಗಿದೆ. ಭಾಷೆಗಳಲ್ಲಿ ಕನ್ನಡವನ್ನು ಸೇರಿಸಿದರೆ ತಾನಾಗಿ ಬರುತ್ತದೆ, ಇಲ್ಲದಿದ್ದರೆ ಅದರ ಜಾಗದಲ್ಲಿ ನಿರ್ಮಲಾ ಯುಐ ಕಾಣಿಸಿಕೊಳ್ಳುತ್ತದೆ. ನುಡಿಯಲ್ಲಿಯೇ ಟೈಪ್ ಮಾಡುವ ನಮ್ಮಂಥವರು ವಿಂಡೋಸ್‌ನ ಭಾಷಾಪಟ್ಟಿಯ ತಂಟೆಗೆ ಹೋಗುವುದೇ ಇಲ್ಲವಲ್ಲ! ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ತೆರೆದು ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಸೇರಿಸಿದೆ, ಸಹಿಯ ಸಾಲು ಮೊದಲ ಪುಟಕ್ಕೆ ಮರಳಿತು. ಸ್ಟಾಂಪ್ ಕಾಗದದ ಮೇಲೆ ಮುದ್ರಿಸುವವರು ಇದನ್ನು ಮೊದಲೇ ಮಾಡಿಟ್ಟುಕೊಳ್ಳಿ.

ಇನ್ನು ಅಪ್‌ಡೇಟ್. ‘ಬೆಂಬಲವಿಲ್ಲದ ಯಂತ್ರಕ್ಕೂ ಅಪ್‌ಡೇಟ್ ಬರುತ್ತಿದೆ, ಹೆದರಬೇಡಿ’ ಎಂದು ಹೇಳುವವರು ಅರ್ಧ ಮಾತ್ರ ಹೇಳುತ್ತಾರೆ. ತಿಂಗಳ ಭದ್ರತಾ ಅಪ್‌ಡೇಟ್‌ಗಳು ನನಗೂ ಬರುತ್ತಲೇ ಇವೆ. ಬಾರದಿರುವುದು ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿ. ಹೋಮ್ ಮತ್ತು ಪ್ರೊಗಳಲ್ಲಿ ಒಂದೊಂದು ಆವೃತ್ತಿಗೆ 24 ತಿಂಗಳ ಆಯುಸ್ಸು. 23ಎಚ್2ರದು 2025ರ ನವೆಂಬರ್ 11ಕ್ಕೆ ಮುಗಿಯಿತು. ಅದರಲ್ಲೇ ಉಳಿದವರು ವಿಂಡೋಸ್ 11 ಇದ್ದೂ ರಕ್ಷಣೆಯಿಲ್ಲದೆ ಕುಳಿತಿದ್ದಾರೆ, ಎಷ್ಟೋ ಮಂದಿಗೆ ಅದು ಗೊತ್ತೇ ಇಲ್ಲ. ನನ್ನ 25ಎಚ್2ಕ್ಕೆ 2027ರ ಅಕ್ಟೋಬರ್‌ವರೆಗೆ ಸಮಯವಿದೆ.

ಹಾಗಾಗಿ ಹೊಸ ಆವೃತ್ತಿಯ ಐಎಸ್‌ಒ ಇಳಿಸಿಕೊಂಡು, ರಿಜಿಸ್ಟ್ರಿಯ ಆ ಮೌಲ್ಯ ಇನ್ನೂ ಇದೆಯೇ ಎಂದು ನೋಡಿ, ಮತ್ತೆ ಸೆಟಪ್ ಓಡಿಸಬೇಕು. ಐಎಸ್‌ಒ ಇಳಿಸುವಾಗ ಇಂಗ್ಲಿಷ್ ಮತ್ತು ಇಂಗ್ಲಿಷ್ ಇಂಟರ್‌ನ್ಯಾಷನಲ್ ಎಂದು ಎರಡು ಇರುತ್ತವೆ. ಯಂತ್ರದಲ್ಲಿರುವುದಕ್ಕೆ ಹೊಂದದ್ದನ್ನು ಆರಿಸಿದರೆ ತಂತ್ರಾಂಶಗಳನ್ನು ಉಳಿಸಿಕೊಳ್ಳುವ ಆಯ್ಕೆಯೇ ಸಿಗುವುದಿಲ್ಲ. ಮಾರ್ಚ್‌ನಲ್ಲಂತೂ ಈ ಕೆಲಸ ಇಟ್ಟುಕೊಳ್ಳಬೇಡಿ, ಅಂಗಡಿಯಲ್ಲಿ ಜನ ನಿಂತಿರುತ್ತಾರೆ.

ಎಂಟನೇ ಜನರೇಶನ್ ಎಂಬ ಗೆರೆ ಬರೀ ವ್ಯಾಪಾರದ ತಂತ್ರ ಎಂದು ಬೈಯುವವರ ಜೊತೆ ನಾನು ಪೂರ್ತಿ ಇಲ್ಲ. ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಗೆ ಬೇಕಾದ ಹಾರ್ಡ್‌ವೇರ್ ಬೆಂಬಲ ಇಂಟೆಲ್‌ನಲ್ಲಿ ಬಂದದ್ದು ಏಳನೇ ಜನರೇಶನ್‌ನಿಂದ. ಆರನೆಯದರಲ್ಲಿ ಅದನ್ನು ಆನ್ ಮಾಡಿದರೆ ಆ ಕೆಲಸವನ್ನು ಸಾಫ್ಟ್‌ವೇರ್ ಅನುಕರಿಸಬೇಕಾಗುತ್ತದೆ, ಅದರ ಭಾರ ಪ್ರೊಸೆಸರ್ ಮೇಲೆ. ನಾನು ಅದನ್ನು ಆಫ್ ಇಟ್ಟಿದ್ದೇನೆ, ಅಷ್ಟರಮಟ್ಟಿಗೆ ಈ ಯಂತ್ರ ಹೊಸದಕ್ಕಿಂತ ಕಡಿಮೆ ಸುರಕ್ಷಿತ. ಆದರೆ ಏಳನೇ ಜನರೇಶನ್ ಏಕೆ ಹೊರಗೆ ಎಂಬುದಕ್ಕೆ ಈ ಕಾರಣ ಸಾಲದು.

ಇನ್ನೂ ಹಳೆಯ ಕೋರ್ 2 ಡ್ಯುಯೋ ಪ್ರೊಸೆಸರ್ ಇರುವವರು ಪ್ರಯತ್ನಿಸಬೇಡಿ. 24ಎಚ್2ರಿಂದ ಈಚೆಗೆ ಬೇಕಾದ ಪ್ರೊಸೆಸರ್ ಸೂಚನೆಗಳು ಅದರಲ್ಲಿಲ್ಲ, ವಿಂಡೋಸ್ ಆರಂಭವೇ ಆಗದು. ಲೆಕ್ಕಪತ್ರಕ್ಕೆ ಇಂದಿಗೂ ಡಾಸ್ ಕಾಲದ ಫಾಕ್ಸ್‌ಪ್ರೊ ಓಡಿಸುತ್ತಿರುವವರಿಗೂ ಇದು ಹೇಳಿಸಿದ್ದಲ್ಲ, ಏಕೆಂದರೆ ಅಂಥ ತಂತ್ರಾಂಶ ನೇರವಾಗಿ ಓಡುವುದು 32 ಬಿಟ್ ವಿಂಡೋಸ್‌ನಲ್ಲಿ, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರೂ, ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗಳ ಯೋಜನೆ ಇದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಸೆಟ್ಟಿಂಗ್ಸ್ ಬ್ಯಾಕಪ್ ಇಟ್ಟರೆ ಅದಕ್ಕೆ ದುಡ್ಡಿಲ್ಲ. ಬ್ರೌಸರ್ ಬಿಟ್ಟು ಬೇರೇನೂ ಬೇಡವೆಂದರೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ, ಈ ರಗಳೆಯೇ ಇರುವುದಿಲ್ಲ.

ಹಾಕಿಯೇ ತೀರುತ್ತೇನೆ ಎನ್ನುವವರಿಗೆ ಒಂದು ವಿಷಯ. ಹಿಂದಿನ ವಿಂಡೋಸ್‌ಗೆ ಮರಳುವ ಗುಂಡಿ ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿ 10 ದಿನ ಮಾತ್ರ ಇರುತ್ತದೆ. ಅಷ್ಟರೊಳಗೆ ಪ್ರಿಂಟರ್, ಸ್ಕ್ಯಾನರ್, ಡಿಜಿಟಲ್ ಸಹಿಯ ಟೋಕನ್ ಮೂರನ್ನೂ ನಿಜವಾದ ಕೆಲಸದಲ್ಲೇ ಪರೀಕ್ಷಿಸಿ. ನನ್ನ ಟೋಕನ್‌ಗೆ ಡ್ರೈವರ್ ಮತ್ತೆ ಹಾಕಬೇಕಾಯಿತು. ಸ್ಕ್ಯಾನರ್‌ಗೆ ಹೊಸ ಡ್ರೈವರ್ ಸಿಗಲೇ ಇಲ್ಲ, ಈಗ ಮೊಬೈಲ್‌ನಲ್ಲೇ ಸ್ಕ್ಯಾನ್ ಮಾಡುತ್ತಿದ್ದೇನೆ.